ಜೈಲಿನಲ್ಲಿ ಕಪ್ಪೆ ಸಾಕಿದವರು

ಮಳೆಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಪಾಚಿ ತೆಗೆಯುವುದೇ ದೊಡ್ಡ ಕೆಲಸ. ಯಾರಾದರೂ ಜಾರಿ ಬಿದ್ದಾರು ಅಂತ ಅಂಗಳಕ್ಕೆ ಬ್ಲೀಚಿಂಗ್ ಪೌಡರ್ ಉದುರಿಸಿ, ಕಡ್ಡಿ ಪೊರಕೆ ಹಿಡಿದು ಗಸಗಸ ತಿಕ್ಕುವುದು. ಮೊನ್ನೆ ಹಾಗೆ ತಿಕ್ಕುವಾಗ ಅಮೆರಿಕದ ಒಂದು ಜೈಲು ನೆನಪಾಯಿತು. ಅಲ್ಲಿ ಕೈದಿಗಳು ಪಾಚಿಯನ್ನು ನೀರು ಹಾಕಿ ಬೆಳೆಸಿದ್ದರು!

ವಾಷಿಂಗ್ಟನ್ ರಾಜ್ಯದ ಸೀಡರ್ ಕ್ರೀಕ್ ಜೈಲು, 2004. ಅಲ್ಲಿಗೆ ಹೋದವರು ನಳಿನಿ ನಾಡಕರ್ಣಿ, ಮರದ ತುದಿಗೆ ಹತ್ತಿ ಕೂತು ಸಂಶೋಧನೆ ಮಾಡುವ ವಿಜ್ಞಾನಿ. (ಹೆಸರು ಕೇಳಿದರೆ ನಮ್ಮ ಕಾರವಾರದ ಕಡೆಯವರು ಅನ್ನಿಸುತ್ತೆ ಅಲ್ವಾ? ಅವರ ಅಪ್ಪ ಭಾರತದವರೇ.) ಅಲ್ಲಿನ ಹಳೇ ಕಾಡಿನ ಮರಗಳಿಂದ ಪಾಚಿ ಕಿತ್ತು ಹೂವಿನ ಅಂಗಡಿಗಳಿಗೆ ಮಾರುತ್ತಾರೆ. ಒಮ್ಮೆ ಕಿತ್ತರೆ ಮತ್ತೆ ಹಬ್ಬೋಕೆ ವರ್ಷಗಟ್ಟಲೆ ಬೇಕು. ಹಾಗಾದರೆ ಬೆಳೆಸಿಯೇ ಮಾರಬಹುದಾ, ಯಾವ ಜಾತಿ ಬೇಗ ಬೆಳೆಯುತ್ತೆ ಅಂತ ನೋಡಲು ದಿನವೂ ನೀರು ಹಾಕಿ, ಅಳೆದು, ಬರೆದಿಡುವ ಪುರುಸೊತ್ತಿನ ಜನ ಬೇಕಿತ್ತು. ಚಾಕು, ಕತ್ತರಿ ಬೇಡದ ಕೆಲಸ ಬೇರೆ.

ನನಗೆ ಹಿಡಿಸಿದ್ದು ಇದೇ. ಆಕೆಗೆ ಕೈದಿಗಳ ಸಹಾಯ ನಿಜವಾಗಿಯೂ ಬೇಕಿತ್ತು. ನಮ್ಮಲ್ಲಿ ಜೈಲಿಗೆ ಹೋಗುವ ಅತಿಥಿಗಳು ಜಾಸ್ತಿ ಏನು ಮಾಡ್ತಾರೆ? ಒಂದು ಉಪದೇಶ, ಒಂದಿಷ್ಟು ಸಿಹಿ, ಒಂದು ಫೋಟೋ. ಮುಗೀತು.

ಪಾಚಿ ಆದಮೇಲೆ 2009ರಲ್ಲಿ ಕಪ್ಪೆ ಬಂತು. ಒರೆಗಾನ್ ಚುಕ್ಕೆ ಕಪ್ಪೆ, ಅಳಿವಿನ ಅಂಚಿನಲ್ಲಿರುವುದು. ಜೌಗಿನಿಂದ ಮೊಟ್ಟೆ ತಂದು ಜೈಲಿನ ತೊಟ್ಟಿಗೆ ಬಿಟ್ಟರು. ಗೊದಮೊಟ್ಟೆಗೆ ಕಾಲು ಬಂದು, ಬಾಲ ಕರಗಿ ಕಪ್ಪೆಯಾಗುವ ತನಕ ಕೈದಿಗಳೇ ನೀರು ಬದಲಿಸಿದರು, ಕಪ್ಪೆಗೆ ತಿನ್ನಿಸೋಕೆ ಅಂತ ಮಿಡತೆಯಂಥ ಕೀಟಗಳನ್ನು ಕೂಡ ಸಾಕಿದರು. ಬೆಳೆದ ಮೇಲೆ ಕಪ್ಪೆಗಳು ಮತ್ತೆ ಜೌಗಿಗೆ. ಸಾಕಿದವರು ಮಾತ್ರ ಒಳಗೇ. ಇದನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಪಕ್ಕದ ಒರೆಗಾನ್ ರಾಜ್ಯದ ಸ್ನೇಕ್ ರಿವರ್ ಜೈಲಿನಲ್ಲಿ 2013ರಿಂದ ಇನ್ನೊಂದು ಪ್ರಯೋಗ ನಡೆಯಿತು. ದಿನಕ್ಕೆ 23 ಗಂಟೆ ಒಂಟಿಯಾಗಿ ಕೂಡಿಹಾಕಿದವರಿಗೆ ಒಂದು ಕೋಣೆಯಲ್ಲಿ ಕಾಡು, ಕಡಲು, ಮೋಡದ ವಿಡಿಯೋ ತೋರಿಸಿದರು. ನೋಡಿದವರಲ್ಲಿ ಹೊಡೆದಾಟದಂಥ ಪ್ರಕರಣ, ನೋಡದವರಿಗಿಂತ 26% ಕಡಿಮೆ ಆಯಿತಂತೆ. ಒಳ್ಳೆಯದೇ. ಆದರೂ ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಹಾಗೆ ಕೂಡಿಹಾಕುವುದನ್ನೇ ಬಿಡದೆ ಪರದೆ ಮೇಲೆ ಮರ ತೋರಿಸಿದರೆ ಏನು ಬಂತು? ಪಾಚಿಯ ಕೆಲಸ ಹಾಗಲ್ಲ, ಅಲ್ಲಿ ಕೈಗೆ ತೇವ ಹತ್ತುತ್ತೆ.

"ತಪ್ಪು ಮಾಡಿದವರಿಗೆ ಇದೆಲ್ಲ ಯಾಕ್ರೀ?" ಅಂತ ಕೆಳಗೆ ಬರೆಯೋರು ಇರ್ತೀರಿ, ಗೊತ್ತು. ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು ಸ್ವಾಮಿ. ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ತೀರ್ಮಾನವೇ ಆಗಿಲ್ಲ.

ದೊಡ್ಡ ಯೋಜನೆ ಏನೂ ಬೇಡ. ಜೈಲಿನ ಅಂಗಳಕ್ಕೂ ಮೈನಾ, ಗಿಳಿ, ಕಾಗೆ ಬರುತ್ತವೆ. ಯಾವುದು ಎಷ್ಟು ಹೊತ್ತಿಗೆ ಬಂತು, ಎಷ್ಟು ಬಂದವು ಅಂತ ವರ್ಷವಿಡೀ ಬರೆದಿಟ್ಟರೆ ಹಕ್ಕಿ ನೋಡುವವರಿಗೂ ಅದು ಬೇಕಾದ ಲೆಕ್ಕವೇ. ಜೈಲು ಇಲಾಖೆಯಲ್ಲಿ ಪರಿಚಯ ಇರೋರು ಯಾರಾದ್ರೂ ಇದ್ರೆ ಹೇಳಿ, ನೋಟ್‌ಬುಕ್ಕು, ಪೆನ್ಸಿಲ್ಲು ನಾನು ಕೊಡಿಸ್ತೀನಿ.