ತಲೆಗಾ, ಪಾದಕ್ಕಾ?

ಈಸ್ಟರಿಗೆ ಮುಂಚಿನ ಪವಿತ್ರ ವಾರ ಬಂತು ಅಂದ್ರೆ ನಮ್ಮ ಚರ್ಚಿನಲ್ಲಿ ಒಂದು ನಾಟಕ ಇದ್ದೇ ಇರುತ್ತದೆ. ಈ ಸಲವೂ ಒಬ್ಬ ಹುಡುಗಿ ಕೂದಲು ಬಿಚ್ಚಿಕೊಂಡು ಅಳುತ್ತಾ ಬಂದು ಯೇಸುವಿನ ಪಾದಕ್ಕೆ ತೈಲ ಹಚ್ಚಿದಳು. ಮೈಕಿನಲ್ಲಿ ದನಿ ಬಂತು: "ಇವಳೇ ಮಗ್ದಲದ ಮರಿಯಳು, ನಡತೆಗೆಟ್ಟವಳು." ಕೂತಲ್ಲೇ ಕಸಿವಿಸಿಯಾಯಿತು. ಬೈಬಲಿನಲ್ಲಿ ಹಾಗೆ ಎಲ್ಲೂ ಇಲ್ಲವಲ್ಲ!

ಮನೆಗೆ ಬಂದು ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳನ್ನೂ (ಮತ್ತಾಯ, ಮಾರ್ಕ, ಲೂಕ, ಯೋಹಾನ) ಒಂದರ ಪಕ್ಕ ಒಂದು ಇಟ್ಟುಕೊಂಡು ಓದಿದೆ.

ಮಾರ್ಕನಲ್ಲಿ ಊರು ಯೆರೂಸಲೇಮಿನ ಹತ್ತಿರದ ಬೇಥಾನ್ಯ, ಕುಷ್ಠರೋಗಿ ಸೀಮೋನನ ಮನೆ. ಹೆಸರಿಲ್ಲದ ಹೆಂಗಸೊಬ್ಬಳು ಭರಣಿ ಒಡೆದು ಜಟಾಮಾಂಸಿ ತೈಲವನ್ನು ಯೇಸುವಿನ ತಲೆಯ ಮೇಲೆ ಸುರಿಯುತ್ತಾಳೆ. (ನಮ್ಮ ಹಿಮಾಲಯದಲ್ಲಿ ಬೆಳೆಯುವ ಅದೇ ಜಟಾಮಾಂಸಿ. 300 ದಿನಾರಿಗೂ ಜಾಸ್ತಿ ಬೆಲೆಯಂತೆ. ಒಂದು ದಿನಾರಿ ಅಂದ್ರೆ ಒಂದು ದಿನದ ಕೂಲಿ.) ಅವಳು ಅಳುವುದಿಲ್ಲ. ಕೂದಲಿನ ಮಾತೇ ಇಲ್ಲ. ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಸಮುವೇಲನು ಸೌಲನ, ದಾವೀದನ ತಲೆಗೆ ಎಣ್ಣೆ ಸುರಿದು ರಾಜರನ್ನಾಗಿ ಮಾಡಿದ್ದು ನೆನಪಿದೆಯಲ್ವಾ? ಇಲ್ಲಿ ಆ ಕೆಲಸ ಮಾಡಿದ್ದು ಒಬ್ಬ ಹೆಂಗಸು. ಮತ್ತಾಯನದೂ ಹೆಚ್ಚುಕಮ್ಮಿ ಇದೇ ಕಥೆ.

ಯೋಹಾನನಲ್ಲೂ ಊರು ಬೇಥಾನ್ಯವೇ. ಆದರೆ ಅಲ್ಲಿ ಯೇಸು ಸಾವಿನಿಂದ ಎಬ್ಬಿಸಿದ ಲಾಜರ ಊಟಕ್ಕೆ ಕೂತಿದ್ದಾನೆ, ಮಾರ್ಥಳು ಬಡಿಸುತ್ತಿದ್ದಾಳೆ, ಅವರ ತಂಗಿ ಮರಿಯಳು ಪಾದಕ್ಕೆ ತೈಲ ಹಚ್ಚಿ ಕೂದಲಿನಿಂದ ಒರೆಸುತ್ತಾಳೆ.

ಇಷ್ಟು ದುಡ್ಡು ದಂಡವಾಯಿತಲ್ಲ ಎಂದು ಗೊಣಗಿದ್ದು ಯಾರು? ಮಾರ್ಕ "ಕೆಲವರು" ಅನ್ನುತ್ತಾನೆ. ಮತ್ತಾಯ "ಶಿಷ್ಯರು" ಅನ್ನುತ್ತಾನೆ. ಯೋಹಾನನಿಗೆ ಬಂದರೆ ತಪ್ಪೆಲ್ಲ ಮುಂದೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೊಬ್ಬನದು, ಅವನು ಕಳ್ಳ ಬೇರೆ. ಉಳಿದ ಶಿಷ್ಯರು ಸಲೀಸಾಗಿ ಪಾರಾದರು!

ಲೂಕನ ಕಥೆಯೇ ಬೇರೆ. ಯೇಸು ಇನ್ನೂ ಗಲಿಲಾಯದ ಕಡೆ ತಿರುಗಾಡುತ್ತಿದ್ದ ದಿನಗಳು. ಮನೆ ಫರಿಸಾಯ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು) ಸೀಮೋನನದು. ಬಂದವಳು ಪಾಪಿ ಎನಿಸಿಕೊಂಡ ಹೆಂಗಸು, ಏನು ಪಾಪ ಅಂತ ಲೂಕ ಹೇಳುವುದಿಲ್ಲ. ಅವಳ ಕಣ್ಣೀರು ಪಾದದ ಮೇಲೆ ಬೀಳುತ್ತದೆ, ಕೂದಲಿನಿಂದ ಒರೆಸುತ್ತಾಳೆ, ಆಮೇಲೆ ತೈಲ. ತೈಲದ ಬೆಲೆಯ ಮಾತನ್ನು ಯಾರೂ ಎತ್ತುವುದಿಲ್ಲ. ಯೇಸುವಿನ ಆಕ್ಷೇಪ ಮನೆಯವನ ಮೇಲೆ: ನೀನು ನನ್ನ ಕಾಲಿಗೆ ನೀರು ಕೊಡಲಿಲ್ಲ. ಬಂದವರ ಕಾಲಿಗೆ ನೀರು ಕೊಡುವ ಹಳ್ಳಿಮನೆಯಲ್ಲಿ ಬೆಳೆದವರಿಗೆ ಈ ಮಾತು ಎಷ್ಟು ಚುಚ್ಚುತ್ತದೆ ಅಂತ ಗೊತ್ತು.

ನನಗನಿಸುವುದು, ಇವು ಎರಡು ಬೇರೆ ಊಟಗಳು, ಬೇಥಾನ್ಯದ್ದೊಂದು, ಲೂಕನದೊಂದು. ಆದರೆ ಬಾಯಿಂದ ಬಾಯಿಗೆ ಸಾಗುವಾಗ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿದೆ. ಕಣ್ಣೀರಾದರೆ ಒರೆಸುವುದು ಸರಿ. ಅಷ್ಟು ದುಬಾರಿ ತೈಲ ಹಚ್ಚಿ ಅದನ್ನೇ ಯಾರಾದರೂ ಒರೆಸುತ್ತಾರಾ? ಯೋಹಾನನ ಆ ಕೂದಲು ಲೂಕನ ಕಡೆಯ ಕಥೆಯಿಂದ ಬಂದಿರಬೇಕು ಅಂತ ನನ್ನ ಗುಮಾನಿ. ಹೆಸರುಗಳೂ ಗೊಂದಲ ಹೆಚ್ಚಿಸಿವೆ. ಆಗಿನ ಯೆಹೂದ್ಯರಲ್ಲಿ ಸೀಮೋನ ಅಂದ್ರೆ ನಮ್ಮ ಮಂಜುನಾಥ ಇದ್ದ ಹಾಗೆ, ಬೀದಿಗೊಬ್ಬ. ಮರಿಯಳೂ ಅಷ್ಟೇ.

ಹಾಗಾದರೆ ಮಗ್ದಲದ ಮರಿಯಳು ಎಲ್ಲಿಂದ ಬಂದಳು? ಲೂಕನ ಈ ಕಥೆ ಮುಗಿದ ಮುಂದಿನ ಅಧ್ಯಾಯದಲ್ಲಿ ಅವಳ ಹೆಸರಿದೆ, ಏಳು ದೆವ್ವ ಬಿಟ್ಟುಹೋಗಿದ್ದವಳು ಅಂತ. ಅಷ್ಟೇ. 591ರಲ್ಲಿ ಪೋಪ್ ಒಂದನೇ ಗ್ರೆಗೊರಿ ಒಂದು ಪ್ರವಚನದಲ್ಲಿ ಇವಳು, ಬೇಥಾನ್ಯದ ಮರಿಯಳು, ಲೂಕನ ಪಾಪಿ ಹೆಂಗಸು, ಈ ಮೂವರನ್ನೂ ಒಬ್ಬಳನ್ನಾಗಿ ಮಾಡಿಬಿಟ್ಟರು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇದನ್ನು ಒಪ್ಪಲಿಲ್ಲ. 1969ರಲ್ಲಿ ರೋಮ್ (ಕ್ಯಾಥೊಲಿಕ್ ಸಭೆ) ಸಂತರ ಹಬ್ಬಗಳ ತನ್ನ ಪಂಚಾಂಗ ತಿದ್ದಿದಾಗ ಅವರನ್ನು ಮತ್ತೆ ಬೇರೆ ಮಾಡಿತು. ನಮ್ಮ ನಾಟಕದವರಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿಲ್ಲ.

ನಾಲ್ಕನ್ನೂ ಕಲಸಿ ಒಂದೇ ಮುದ್ದೆ ಮಾಡಿದ್ದರಿಂದ ಒಬ್ಬಳಿಗೆ ಇಲ್ಲದ ಕೆಟ್ಟ ಹೆಸರು ಬಂತು. ಇನ್ನೊಬ್ಬಳಿಗೆ ಹೆಸರೇ ಇಲ್ಲ. ಲೋಕದಲ್ಲಿ ಎಲ್ಲೆಲ್ಲಿ ಸುವಾರ್ತೆ ಸಾರುತ್ತಾರೋ ಅಲ್ಲೆಲ್ಲ ಇವಳ ನೆನಪಿಗಾಗಿ ಇವಳು ಮಾಡಿದ್ದನ್ನು ಹೇಳುತ್ತಾರೆ ಎಂದು ಯೇಸು ಅಂದದ್ದನ್ನು ಮಾರ್ಕ ಬರೆದಿಟ್ಟ. ಅವಳ ಹೆಸರು ಬರೆಯಲಿಲ್ಲ.