ಮಾಂಟೆ ಕಾರ್ಲೊ: ಉಳಿಸಿಟ್ಟ ಮೌಲ್ಯಗಳನ್ನೇ ಮತ್ತೆ ಓಡಿಸಬೇಕೇ?

ಪರ

ಶಿರಸಿಯ ಅಡಿಕೆ ಡ್ರೈಯರ್ ಒಂದಕ್ಕೆ 60 ಡಿಗ್ರಿಯಲ್ಲಿ ಹೀಟರ್ ಆರಿಸುವ ಬೋರ್ಡು ಬೇಕು ಎನ್ನಿ. 10 ಕಿಲೋಓಮ್ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ರೋಧ ಇಳಿಯುವ ಭಾಗ), ಆ ಇಳಿತದ ಅಳತೆಯಾದ ಬಿ ಮೌಲ್ಯ 3950, ಎರಡು ವೋಲ್ಟೇಜ್ ಹೋಲಿಸುವ ಒಂದು ಕಂಪ್ಯಾರೇಟರ್, ನಾಲ್ಕು ರೆಸಿಸ್ಟರ್, ಅದರಲ್ಲೊಂದು ಹಿಸ್ಟರಿಸಿಸಿಗೆಂದು, ಅಂದರೆ ಹೀಟರ್ ಹೊತ್ತುವ ಮತ್ತು ಆರುವ ಉಷ್ಣತೆಗಳ ನಡುವೆ ಅಂತರ ಇಡಲೆಂದು, 1 ಮೆಗಾಓಮ್. ಮಾಂಟೆ ಕಾರ್ಲೊ ಎಂದರೆ ಭಾಗಗಳ ಮೌಲ್ಯವನ್ನು ಟಾಲರೆನ್ಸಿನೊಳಗೆ (ಭಾಗಕ್ಕೆ ಒಪ್ಪಿತವಾದ ಹೆಚ್ಚುಕಡಿಮೆ) ಯಾದೃಚ್ಛಿಕವಾಗಿ ಬದಲಿಸುತ್ತ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲಿ ಸುತ್ತು ಸುತ್ತಾಗಿ ಓಡಿಸಿ ನೋಡುವುದು. ಹಾಗೆ ಓಡಿಸಿದ 100 ಸುತ್ತಿನಲ್ಲಿ 37ನೆಯದು ಮಾತ್ರ 63 ಡಿಗ್ರಿಗೆ ಆರಿತು. ಆ ಸುತ್ತನ್ನು ಮತ್ತೆ ತರಲಾಗದಿದ್ದರೆ ಕೈಕೊಟ್ಟದ್ದು ಯಾವ ಭಾಗವೆಂದು ಹೇಳುವುದು ಹೇಗೆ?

ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರುಮಾಡುವ ಸಂಖ್ಯೆ) ಬರೆದಿಟ್ಟರೆ ಸಾಲದು. ಎನ್‌ಜಿಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರಿನಲ್ಲಿ ಸೆಟ್‌ಸೀಡ್ ಆದೇಶ ಕೊಟ್ಟರೆ ಅದೇ ಸಂಖ್ಯೆಗಳು ಅದೇ ಕ್ರಮದಲ್ಲಿ ಬರುತ್ತವೆ, ನಿಜ. ಆದರೆ ನಡುವೆ ಒಂದು ರೆಸಿಸ್ಟರ್ ಸೇರಿಸಿದಿರೋ, ಮುಂದಿನ ಸಂಖ್ಯೆಗಳೆಲ್ಲ ಜಾರಿ ಬೇರೆ ಭಾಗಗಳ ಪಾಲಾಗುತ್ತವೆ.

ಉಳಿಸಬೇಕಾದದ್ದು ಓಮ್ ಅಲ್ಲ, ವಿಚಲನೆ, ಅಂದರೆ ಟಾಲರೆನ್ಸಿನ ಎಷ್ಟು ಪಾಲು ಹೆಚ್ಚು ಅಥವಾ ಕಡಿಮೆ ಎಂಬುದು. ಸ್ಪ್ರೆಡ್‌ಶೀಟಿನಲ್ಲಿ ಸುತ್ತಿಗೊಂದು ಸಾಲು, ಭಾಗಕ್ಕೊಂದು ಕಾಲಂ, −1ರಿಂದ +1ರೊಳಗಿನ ಸಂಖ್ಯೆ. ಯಾದೃಚ್ಛಿಕ ಸಂಖ್ಯೆಯ ಸೂತ್ರ ತೆಗೆದು ಮೌಲ್ಯವನ್ನಷ್ಟೇ ಅಂಟಿಸಿ. ಇಲ್ಲವಾದರೆ ಹಾಳೆ ತೆರೆದಾಗಲೆಲ್ಲ ಸಂಖ್ಯೆ ಬದಲಾಗುತ್ತದೆ. ಎಲ್‌ಟಿಸ್ಪೈಸ್ ಎಂಬ ಇನ್ನೊಂದು ಸಿಮ್ಯುಲೇಟರಿನಲ್ಲಿ ಸುತ್ತಿನ ಸಂಖ್ಯೆಯನ್ನು ಸ್ಟೆಪ್ ಮಾಡಿ (ಒಂದೊಂದಾಗಿ ಏರಿಸಿ), ಟೇಬಲ್ ಫಂಕ್ಷನ್‌ನಿಂದ ವಿಚಲನೆ ಎತ್ತಿ, ಟಾಲರೆನ್ಸ್‌ನಿಂದ ಗುಣಿಸಿ. 5%ರ ಬದಲು 1% ಹಾಕಿದರೆ ಎಷ್ಟು ಲಾಭ? ಗುಣಕ ಬದಲಿಸಿದರಾಯಿತು, ಅದೇ 100 ಬೋರ್ಡುಗಳ ಮೇಲೆ ಉತ್ತರ ಸಿಗುತ್ತದೆ. ಈಗಾಗಲೇ ಓಡಿದ ಸುತ್ತಿನ ಮೌಲ್ಯ ಬೇಕೆಂದು, ಯಾದೃಚ್ಛಿಕ ಮೌಲ್ಯ ಕೊಡುವ ಎಂಸಿ ಫಂಕ್ಷನ್ ಮತ್ತೆ ಕರೆಯಬೇಡಿ, ಹೊಸ ಸಂಖ್ಯೆ ಬಂದೀತು. ರೆಸಿಸ್ಟರಿನ ವೋಲ್ಟೇಜನ್ನು ಅದರ ಕರೆಂಟಿನಿಂದ ಭಾಗಿಸಿ.

ವಿರೋಧ

37ನೆಯ ಸುತ್ತನ್ನು ಹಿಡಿಯಲು ವಿಚಲನೆಗಳ ಪಟ್ಟಿ ಇರಲಿ. ತಕರಾರು ಇರುವುದು ಅದೇ ಪಟ್ಟಿಯ ಮೇಲೆ ವಿನ್ಯಾಸ ತಿದ್ದುತ್ತಾ ಹೋಗುವುದಕ್ಕೆ. ಹಳೆ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದವನೂ ನೂರಕ್ಕೆ ನೂರು ತೆಗೆಯುತ್ತಾನೆ. ಹೊಸ 100 ಸುತ್ತಿನಲ್ಲಿ ಒಂದೂ ಸೋಲದಿದ್ದರೂ, ಸೋಲಿನ ಪ್ರಮಾಣ ಸುಮಾರು 3% ಮೀರದು ಎಂದಷ್ಟೇ 95% ಭರವಸೆಯಿಂದ ಹೇಳಬಹುದು. 0.3% ಎನ್ನಲು 1000 ಸುತ್ತು ಬೇಕು. ತಿದ್ದಲು ಬಳಸಿದ ಪಟ್ಟಿಗೆ ಈ ಲೆಕ್ಕವೂ ಅನ್ವಯಿಸದು.

ಇನ್ನೊಂದು: ಪಟ್ಟಿ ಬಲ್ಲದ್ದು ತನ್ನ ಕಾಲಂಗಳನ್ನು ಮಾತ್ರ. ಇದೇ ಬೋರ್ಡು ಘಟ್ಟ ಇಳಿದು ಅಂಕೋಲಾದ ತೋಟಕ್ಕೆ ಬಂದು, ಮಳೆಗಾಲದ ತೇವ, ಉಪ್ಪುಗಾಳಿಗೆ ಮೇಲ್ಮೈಯಲ್ಲಿ 1 ಮೆಗಾಓಮ್ ರೋಧದ ವಿದ್ಯುತ್ ಸೋರಿಕೆ ಕಂಡಿತೆನ್ನಿ. 60 ಡಿಗ್ರಿಯಲ್ಲಿ ಥರ್ಮಿಸ್ಟರ್ ಸುಮಾರು 2.5 ಕಿಲೋಓಮ್, ಅದಕ್ಕೆ ಈ ಸೋರಿಕೆ ಲೆಕ್ಕಕ್ಕೇ ಇಲ್ಲ. ಹಿಸ್ಟರಿಸಿಸಿನ 1 ಮೆಗಾಓಮ್‌ಗೆ ಸಮಾಂತರವಾದರೆ ಮಾತ್ರ ಅದು ಅರ್ಧಕ್ಕಿಳಿದು, ಹೀಟರ್ ಹೊತ್ತುವ ಮತ್ತು ಆರುವ ಉಷ್ಣತೆಗಳ ಅಂತರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಉಳಿಸಿಟ್ಟ ಹಾಳೆಯಲ್ಲಿ ಸೋರಿಕೆಗೆ ಜಾಗವೇ ಇರುವುದಿಲ್ಲ, ಇದ್ದ ಸಂಖ್ಯೆಗಳನ್ನೇ ಮತ್ತೆ ಮತ್ತೆ ಓಡಿಸುವವರಿಗೆ ಅದನ್ನು ಸೇರಿಸುವ ನೆನಪೂ ಬರುವುದಿಲ್ಲ.

ತಿದ್ದುವಾಗ ಹಳೆಯ ಪಟ್ಟಿ ಬಳಸಿಕೊಳ್ಳಿ. ಬೋರ್ಡು ತಯಾರಕರಿಗೆ ಗರ್ಬರ್ ಫೈಲ್ (ಬೋರ್ಡಿನ ನಕ್ಷೆ) ಕಳಿಸುವ ಮುನ್ನ ಮಾತ್ರ ಸೋರಿಕೆಗೂ ಒಂದು ರೆಸಿಸ್ಟರ್ ಸೇರಿಸಿ, ಸಂಖ್ಯೆಗಳು ಹೊಸದಾಗಿ ಬರುವಂತೆ ಸೀಡನ್ನು ಗಡಿಯಾರಕ್ಕೆ ಬಿಟ್ಟು, 1000 ಸುತ್ತು ಓಡಿಸಿ.