ದೋಣಿ ಹೊರಡುವ ಮುಂಚಿನ ಕಥೆ

ಎರಡನೇ ಮಹಾಯುದ್ಧದಲ್ಲಿ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ತೀರಕ್ಕೆ ಮಿತ್ರಪಡೆಗಳು ಇಳಿದ ನಾರ್ಮಂಡಿ ದಾಳಿ ಎಂದರೆ ಸಿನಿಮಾ ನೋಡಿದವರಿಗೆಲ್ಲ ನೆನಪಾಗುವುದು ಒಂದೇ ದೃಶ್ಯ: ದೋಣಿಯ ಮುಂಬಾಗಿಲು ಧಡಾರನೆ ಬೀಳುತ್ತದೆ, ಮುಂದಿನ ಸಾಲಿನವರು ನೀರಿಗೆ ಕಾಲಿಡುವ ಮೊದಲೇ ಉರುಳುತ್ತಾರೆ. ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದವರು ಅಮೆರಿಕನ್ನರು ಇಳಿದ ಒಮಾಹಾ ತೀರವನ್ನು ಐರ್ಲೆಂಡಿನ ಮರಳಿನ ಮೇಲೆ ಎಬ್ಬಿಸಿದರು, ಸೊಗಸಾಗಿಯೇ ಎಬ್ಬಿಸಿದರು. ಆದರೆ ನಾನಿರುವ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ ಕಡೆ ಈ ಕಥೆ ಗುಂಡಿನಿಂದ ಶುರುವಾಗುವುದಿಲ್ಲ, ಮಳೆಗಾಳಿಯಿಂದ ಶುರುವಾಗುತ್ತದೆ.

ದಾಳಿಯ ಮುಖ್ಯ ಕಚೇರಿಯಾಗಿದ್ದ, ಇಲ್ಲಿಗೆ ಹತ್ತಿರದ ಸೌತ್‌ವಿಕ್ ಹೌಸ್‌ನಲ್ಲಿ ಗೋಡೆ ತುಂಬುವಷ್ಟು ದೊಡ್ಡ ಮರದ ನಕ್ಷೆಯೊಂದಿದೆ. ಮಾಡಿಕೊಟ್ಟದ್ದು ಚಾಡ್ ವ್ಯಾಲಿ ಎಂಬ ಆಟಿಕೆ ಕಂಪನಿ! ಇಳಿಯುವ ಜಾಗದ ಗುಟ್ಟು ಹೊರಬೀಳಬಾರದೆಂದು ಯುರೋಪಿನ ಕರಾವಳಿ ಪೂರ್ತಿ ಮಾಡಿಸಿ, ನಾರ್ಮಂಡಿಯ ತುಂಡನ್ನು ಮಾತ್ರ ಗೋಡೆಗೇರಿಸಿದರು. ಏರಿಸಿದ ಕೆಲಸಗಾರರನ್ನು ದಾಳಿ ಮುಗಿಯುವ ತನಕ ಮನೆಗೇ ಬಿಡಲಿಲ್ಲವಂತೆ.

ದಾಳಿಗೆ ಗೊತ್ತಾದ ದಿನ 1944ರ ಜೂನ್ 5. ಹವಾಮಾನ ತಜ್ಞ ಜೇಮ್ಸ್ ಸ್ಟ್ಯಾಗ್ ಬಿರುಗಾಳಿಯಿದೆ, ಬೇಡವೆಂದ; ಪಡೆಗಳ ಮುಖ್ಯಸ್ಥ ಐಸೆನ್‌ಹೋವರ್ ಒಂದು ದಿನ ತಡೆದ. ಬಹಳ ದಿನ ತಡೆಯುವಂತೆಯೂ ಇರಲಿಲ್ಲ. ಪ್ಯಾರಾಶೂಟಿನವರಿಗೆ ಬೆಳದಿಂಗಳು ಬೇಕು. ದೋಣಿಯವರಿಗೆ ಬೆಳಗಾಗುವಾಗ ನೀರು ಇಳಿದಿರಬೇಕು, ಜರ್ಮನರು ಮರಳಲ್ಲಿ ನೆಟ್ಟ ಅಡ್ಡಿಗಳು ಕಾಣಬೇಕಲ್ಲ. ಎರಡೂ ಕೂಡಿ ಬರುವುದು ತಿಂಗಳಲ್ಲಿ ಕೆಲವೇ ದಿನ. 6ರಂದು ಕಡಲಿಂದಲೂ ಆಕಾಶದಿಂದಲೂ ಇಳಿದವರು ಸುಮಾರು 1,56,000 ಮಂದಿ.

ಹಾಗೆಂದು ಈ ಕಡೆಯವರೂ ಎಲ್ಲವನ್ನೂ ಹೇಳಿಕೊಂಡವರಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಇಂಗ್ಲೆಂಡಿನದೇ ಡೆವನ್‌ನ ಸ್ಲ್ಯಾಪ್ಟನ್ ತೀರಕ್ಕೆ ತಾಲೀಮಿಗೆ ಹೊರಟಿದ್ದ ಹಡಗುಗಳ ಮೇಲೆ ಜರ್ಮನ್ ದೋಣಿಗಳು ಎರಗಿ 749 ಅಮೆರಿಕನ್ನರು ಸತ್ತರು. ಬಹುಕಾಲ ಆ ಮಾತನ್ನು ಹೆಚ್ಚು ಯಾರೂ ಎತ್ತಲಿಲ್ಲ. 1984ರಲ್ಲಿ ಕೆನ್ ಸ್ಮಾಲ್ ಎಂಬಾತ ಹಟ ಹಿಡಿದು ಸಮುದ್ರದಿಂದ ಟ್ಯಾಂಕೊಂದನ್ನು ಎತ್ತಿಸಿ, ಸತ್ತವರ ನೆನಪಿಗೆ ದಡದಲ್ಲಿ ನಿಲ್ಲಿಸಿದ. ಸರಕಾರ ಮಾಡಬೇಕಿದ್ದ ಕೆಲಸ ಅದು.

ನಮ್ಮ ಕರಾವಳಿಗೂ ಕಡಲಿಂದ ಬಂದವರ ಕಥೆಯಿದೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಉಳ್ಳಾಲದ ಮೇಲೆ ಬಿದ್ದರು, ಅಬ್ಬಕ್ಕ ಎದುರು ನಿಂತಳು. ಆದರೆ ನಮ್ಮ ಭಾಷಣ, ಸ್ತಬ್ಧಚಿತ್ರಗಳಲ್ಲಿ ಅವಳ ಕತ್ತಿ ಬಿಟ್ಟರೆ ಬೇರೇನಿದೆ? ನೇತ್ರಾವತಿಯ ಅಳಿವೆ ಬಾಗಿಲಿನ ಮರಳುದಿಬ್ಬ ಎಲ್ಲಿ? ಹಾಯಿಹಡಗುಗಳಿಗೆ ಕಡಲನ್ನೇ ಮುಚ್ಚಿಬಿಡುತ್ತಿದ್ದ ಮಳೆಗಾಲ ಎಲ್ಲಿ? ಪರಂಗಿಗಳು ಈ ತೀರಕ್ಕೆ ಹಲ್ಲು ಮಸೆದದ್ದು ಅಕ್ಕಿ, ಮೆಣಸಿನ ವ್ಯಾಪಾರಕ್ಕೆ ಎಂಬುದನ್ನಾದರೂ ಮಕ್ಕಳಿಗೆ ಹೇಳುತ್ತೇವೆಯೇ? ಉಬ್ಬರ ಇಳಿತ ಬಲ್ಲ ಮೊಗವೀರರ ಊರಲ್ಲೇ ಕಥೆಯಿಂದ ಕಡಲು ಮಾಯವಾಗಿದೆ. ರಾಣಿಯನ್ನು ದೇವಿಯ ಮಟ್ಟಕ್ಕೆ ಏರಿಸಿದ ಮೇಲೆ ಅವಳಿಗೆ ಲೆಕ್ಕಾಚಾರದ ಹಂಗೇಕೆ ಅಂದುಕೊಂಡೆವೋ ಏನೋ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಈ ಕಡೆ ಬಂದಾಗ ಉಳ್ಳಾಲದ ರಾಣಿಯನ್ನು ಕಂಡಿದ್ದ. ಅವಳು ಬರಿಗಾಲಲ್ಲಿ ನಿಂತು ಆಳುಗಳಿಂದ ನೀರಿನ ಕಾಲುವೆ ತೋಡಿಸುತ್ತಿದ್ದಳು. ವೇಷ ಸಾದಾ, ಮಾತು ಮಾತ್ರ ರಾಣಿಯದೇ ಎಂದು ಬರೆದಿಟ್ಟಿದ್ದಾನೆ. ಯುದ್ಧದ ಅಬ್ಬಕ್ಕ ಬೇರೆ, ಇವಳು ಬೇರೆ ಎನ್ನುವವರೂ ಇದ್ದಾರೆ. ಇರಲಿ. ಮುಂದೆ ಯಾರಾದರೂ ಉಳ್ಳಾಲದ ಯುದ್ಧವನ್ನು ಯಕ್ಷಗಾನಕ್ಕೋ ಸಿನಿಮಾಕ್ಕೋ ತರುವುದಾದರೆ, ಕತ್ತಿ ಹಿರಿಯುವ ಮೊದಲು ಈ ಕಾಲುವೆಯ ಕೆಲಸವನ್ನು ಒಂದು ಗಳಿಗೆ ತೋರಿಸಲಿ ಎಂಬುದು ನನ್ನ ಬೇಡಿಕೆ.